ಫೆಬ್ರವರಿಗೇ ಕಾಯಬೇಡಿ: ಅಮೆರಿಕದ ಲೈಬ್ರರಿಗಳಲ್ಲಿ ಕಪ್ಪು ಜನರ ಇತಿಹಾಸದ ಕಾರ್ಯಕ್ರಮಗಳಿಗೆ ಹೋಗುವವರಿಗೆ

ಅಮೆರಿಕದಲ್ಲಿರುವ ನಮ್ಮವರಿಗೆ ಲೈಬ್ರರಿ ಅಂದರೆ ಮಕ್ಕಳ ಪುಸ್ತಕ, ಬೇಸಿಗೆ ರಜೆಯ ಓದಿನ ಸ್ಪರ್ಧೆ, ಊರಿಂದ ಬಂದ ಅಪ್ಪ ಅಮ್ಮನಿಗೆ ಮನೆಯಲ್ಲಿ ಬೇಜಾರಾದಾಗ ಕರೆದುಕೊಂಡು ಹೋಗುವ ಜಾಗ. ಫೆಬ್ರವರಿ ಬಂತೆಂದರೆ ಬಾಗಿಲ ಪಕ್ಕದ ಬೋರ್ಡಿನಲ್ಲಿ ಬ್ಲ್ಯಾಕ್ ಹಿಸ್ಟರಿ ಮಂತ್, ಅಂದರೆ ಕಪ್ಪು ಜನರ ಇತಿಹಾಸದ ತಿಂಗಳು, ಅಂತ ಒಂದು ಚೀಟಿ ಅಂಟಿಸಿರುತ್ತಾರೆ. ಅದನ್ನು ನೋಡಿ ‘ಇದು ನಮಗಲ್ಲ ಬಿಡು’ ಅಂದುಕೊಂಡು ಮುಂದೆ ಹೋಗುತ್ತೇವೆ. ನಮಗೂ ಹೌದು. ನೀವು ಯಾವ ಕಡೆಯವರು ಅಂತ ಅಲ್ಲಿ ಯಾರೂ ಕೇಳುವುದಿಲ್ಲ, ಬಹುಪಾಲು ಕಾರ್ಯಕ್ರಮಗಳಿಗೆ ದುಡ್ಡೂ ಇಲ್ಲ.

ಇನ್ನೊಂದು ಲೆಕ್ಕವೂ ಇದೆ. 1946ರಿಂದ 1965ರವರೆಗೆ ಭಾರತಕ್ಕೆ ಅಮೆರಿಕ ಕೊಟ್ಟಿದ್ದ ವಲಸೆ ಕೋಟಾ ವರ್ಷಕ್ಕೆ ಬರೀ 100 ಜನ. ಅದನ್ನು ತೆಗೆದುಹಾಕಿದ್ದು 1965ರ ವಲಸೆ ಕಾಯ್ದೆ. ಕಪ್ಪು ಜನ ಬೀದಿಗಿಳಿದು, ಏಟು ತಿಂದು, ಜೈಲಿಗೆ ಹೋಗಿ 1964ರ ನಾಗರಿಕ ಹಕ್ಕುಗಳ ಕಾಯ್ದೆ ತಂದರಲ್ಲ, ಅದರ ಮರುವರ್ಷವೇ, ಅದೇ ಬಿಸಿಯಲ್ಲಿ ಬಂದ ಕಾಯ್ದೆ ಇದು. ನಾವು ಇಲ್ಲಿ ಮನೆ ಕೊಂಡು ಯುಗಾದಿ ಮಾಡುತ್ತಿರುವುದಕ್ಕೂ ಆ ಹೋರಾಟಕ್ಕೂ ನಂಟಿದೆ. ಹಾಗಾಗಿ ಒಂದು ಶನಿವಾರ ಅಲ್ಲಿ ಹೋಗಿ ಕೂರುವುದು ದೊಡ್ಡ ಉಪಕಾರವೇನೂ ಅಲ್ಲ.

ಈ ಬರಹ ಪೂರ್ತಿ ಕೆಲಸದ ವಿಷಯ. ಯಾವ ಲೈಬ್ರರಿ, ಯಾವಾಗ, ಏನು ನೋಡಬೇಕು, ಹೇಗೆ ಕೂರಬೇಕು ಅಂತ. ನನ್ನದು ಒಂದೇ ಹಟ. ಕಾರ್ಯಕ್ರಮಕ್ಕೆ ಹೋಗಿ ಚಪ್ಪಾಳೆ ತಟ್ಟಿ ವಾಪಸ್ ಬಂದರೆ ಅರ್ಧ ಕೆಲಸ ಮಾತ್ರ ಆಯಿತು. ವೇದಿಕೆಯ ಮೇಲೆ ಹೇಳಿದ ಕಥೆಯ ಕಾಗದ ಪತ್ರ, ಫೋಟೋ, ಪುಸ್ತಕ ಎಷ್ಟೋ ಸಲ ಅದೇ ಕಟ್ಟಡದ ಇನ್ನೊಂದು ಮಹಡಿಯಲ್ಲಿ ಇರುತ್ತವೆ. ಅಲ್ಲಿಯವರೆಗೂ ಹೋಗಿ.

ಯಾವ ಲೈಬ್ರರಿ?

ಮೊದಲು ನಿಮ್ಮ ಊರಿನದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಲವು ಊರುಗಳಲ್ಲಿ ಸಾರ್ವಜನಿಕ ಲೈಬ್ರರಿಯೇ ಕಪ್ಪು ಜನರ ಇತಿಹಾಸಕ್ಕೆ ಅಂತಲೇ ಪ್ರತ್ಯೇಕ ಶಾಖೆ ನಡೆಸುತ್ತದೆ. ನಮ್ಮವರು ಜಾಸ್ತಿ ಇರುವ ಕಡೆಯೇ ಅವು ಇವೆ ಅನ್ನುವುದು ಒಳ್ಳೆಯದಾಯಿತು. ಬೇ ಏರಿಯಾದವರಿಗೆ ಓಕ್‌ಲ್ಯಾಂಡ್‌ನ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ ಮತ್ತು ಲೈಬ್ರರಿ ಇದೆ, ಹಳೆಯ ಕಾರ್ನೆಗಿ ಲೈಬ್ರರಿ ಕಟ್ಟಡದಲ್ಲಿ. ಅಟ್ಲಾಂಟಾದವರಿಗೆ 1994ರಲ್ಲಿ ತೆರೆದ ಆಬರ್ನ್ ಅವೆನ್ಯೂ ರಿಸರ್ಚ್ ಲೈಬ್ರರಿ. ಶಿಕಾಗೋದಲ್ಲಿ ಕಾರ್ಟರ್ ಜಿ. ವುಡ್ಸನ್ ಹೆಸರಿನ ಶಾಖೆಯೊಳಗೆ ವಿವಿಯನ್ ಹಾರ್ಶ್ ಸಂಗ್ರಹ. ಹ್ಯೂಸ್ಟನ್‌ನಲ್ಲಿ ಹಳೆಯ ಗ್ರೆಗರಿ ಶಾಲೆಯ ಕಟ್ಟಡ, ಡೆನ್ವರ್‌ನಲ್ಲಿ ಬ್ಲೇರ್ ಕಾಲ್ಡ್‌ವೆಲ್ ಲೈಬ್ರರಿ.

ಇವೆಲ್ಲಕ್ಕೂ ಹಿರಿಯಣ್ಣ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಸೆಂಟರ್. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯದೇ ಒಂದು ಸಂಶೋಧನಾ ಶಾಖೆ ಅದು. ಹೆಚ್ಚಿನ ಉದಾಹರಣೆಗಳನ್ನು ಅಲ್ಲಿಂದಲೇ ಕೊಡುತ್ತೇನೆ. ಕ್ರಮ ಮಾತ್ರ ಎಲ್ಲ ಕಡೆಯೂ ಹೆಚ್ಚು ಕಡಿಮೆ ಇದೇ.

ಶಾಂಬರ್ಗ್ ಯಾರು ಅಂತ ತಿಳಿದು ಹೋದರೆ ಒಳ್ಳೆಯದು. ಆರ್ತುರೋ ಅಲ್ಫಾನ್ಸೊ ಶಾಂಬರ್ಗ್ ಹುಟ್ಟಿದ್ದು 1874ರಲ್ಲಿ, ಪೋರ್ಟೊ ರಿಕೋದಲ್ಲಿ. ಕಪ್ಪು ಜನರಿಗೆ ಇತಿಹಾಸವೇ ಇಲ್ಲ ಅಂತ ಶಾಲೆಯಲ್ಲಿ ಒಬ್ಬ ಟೀಚರ್ ಅಂದಿದ್ದು ಈತನ ತಲೆಯೊಳಗೆ ಕೂತುಬಿಟ್ಟಿತು ಅಂತ ಹೇಳುತ್ತಾರೆ. ನ್ಯೂಯಾರ್ಕಿಗೆ ಬಂದು ಒಂದು ಬ್ಯಾಂಕಿನ ಟಪಾಲು ವಿಭಾಗದಲ್ಲಿ ಕೆಲಸ ಮಾಡುತ್ತಾ, ಸಂಬಳ ಉಳಿಸಿ, ಹಳೆ ಪುಸ್ತಕದಂಗಡಿ ಸುತ್ತಿ, ಯುರೋಪಿನ ವ್ಯಾಪಾರಿಗಳಿಗೆ ಕಾಗದ ಬರೆದು ಸಾವಿರಾರು ಪುಸ್ತಕ, ಹಸ್ತಪ್ರತಿ, ಚಿತ್ರ ಕೂಡಿಸಿದ. 1926ರಲ್ಲಿ ಕಾರ್ನೆಗಿ ಕಾರ್ಪೊರೇಷನ್ ಕೊಟ್ಟ 10,000 ಡಾಲರಿನಿಂದ ಲೈಬ್ರರಿ ಅದನ್ನು ಕೊಂಡಿತು. 135ನೇ ಬೀದಿಯ ಸಣ್ಣ ಶಾಖೆಯಲ್ಲಿ ಅದಕ್ಕೆ ಒಂದು ವರ್ಷ ಮುಂಚೆ, 1925ರಲ್ಲೇ, ಒಂದು ವಿಭಾಗ ಶುರುವಾಗಿತ್ತು. ಈಗ ಅಲ್ಲಿರುವ ವಸ್ತುಗಳ ಸಂಖ್ಯೆ 1 ಕೋಟಿ 10 ಲಕ್ಷ ದಾಟಿದೆ. ಬ್ಯಾಂಕಿನ ಗುಮಾಸ್ತನ ಹವ್ಯಾಸ ನೋಡಿ, ಎಲ್ಲಿಗೆ ಹೋಯಿತು!

ಕ್ಯಾಲೆಂಡರ್ ಓದುವುದು

ಫೆಬ್ರವರಿ ಯಾಕೆ? ಕಾರ್ಟರ್ ಜಿ. ವುಡ್ಸನ್ ಅನ್ನುವ ಇತಿಹಾಸಕಾರರು 1926ರಲ್ಲಿ ಒಂದು ವಾರದ ಆಚರಣೆ ಶುರು ಮಾಡಿದರು. ಅಬ್ರಹಾಂ ಲಿಂಕನ್ ಹುಟ್ಟಿದ ದಿನ ಫೆಬ್ರವರಿ 12, ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ಅವರದ್ದು ಅಂತ ಆಚರಿಸುವ ದಿನ ಫೆಬ್ರವರಿ 14. ಎರಡೂ ಬರುವ ವಾರ ಹಿಡಿದರು. 1976ರಲ್ಲಿ ಅಧ್ಯಕ್ಷ ಫೋರ್ಡ್ ಇಡೀ ತಿಂಗಳನ್ನು ಮಾನ್ಯ ಮಾಡಿದರು. ಬ್ರಿಟನ್ನಿನಲ್ಲಿರುವ ಕನ್ನಡಿಗರೇ, ನಿಮ್ಮಲ್ಲಿ ಇದು ಅಕ್ಟೋಬರ್, ಫೆಬ್ರವರಿಯಲ್ಲಿ ಹುಡುಕಬೇಡಿ.

ಫೆಬ್ರವರಿಯಲ್ಲಿ ಎಲ್ಲ ಶಾಖೆಯಲ್ಲೂ ಏನಾದರೂ ಇದ್ದೇ ಇರುತ್ತದೆ, ಗದ್ದಲವೂ ಇರುತ್ತದೆ. ನನ್ನ ಕೇಳಿದರೆ ಉಳಿದ ತಿಂಗಳುಗಳೇ ವಾಸಿ. ಜನವರಿಯ ಮೂರನೇ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ದಿನ. ಅಂದು ಲೈಬ್ರರಿಗೆ ರಜೆ, ಕಾರ್ಯಕ್ರಮ ಹಿಂದಿನ ವಾರ ಇರುತ್ತದೆ. ಜೂನ್ 19 ಜೂನ್‌ಟೀಂತ್, 1865ರಲ್ಲಿ ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಗುಲಾಮಗಿರಿ ಮುಗಿಯಿತು ಅಂತ ಸಾರಿದ ದಿನ, 2021ರಿಂದ ದೇಶಕ್ಕೇ ರಜೆ. ಅದರ ಕಾರ್ಯಕ್ರಮಗಳೂ ಒಂದೆರಡು ದಿನ ಮುಂಚೆ. ಡಿಸೆಂಬರ್ 26ರಿಂದ ಜನವರಿ 1ರವರೆಗೆ ಕ್ವಾಂಜಾ ಅನ್ನುವ ಆಫ್ರಿಕನ್ ಅಮೆರಿಕನ್ನರ ಹಬ್ಬ, ಮಕ್ಕಳಿಗೆ ದೀಪ ಹಚ್ಚುವುದು, ಡೋಲು, ಕರಕುಶಲ ಕೆಲಸ ಇರುತ್ತದೆ.

ಲೈಬ್ರರಿಯ ವೆಬ್‌ಸೈಟಿನ ಇವೆಂಟ್ಸ್ ಪುಟದಲ್ಲಿ ಮೂರು ವಿಷಯ ನೋಡಿ: ಯಾವ ಶಾಖೆ, ಯಾರಿಗೆ, ನೇರವೋ ಆನ್‌ಲೈನೋ. ‘ಯಾರಿಗೆ’ ಅನ್ನುವುದನ್ನು ಬಿಡಬೇಡಿ. ಟೀನ್ ಅಂತ ಬರೆದಿರುವ ಕಾರ್ಯಕ್ರಮಕ್ಕೆ ದೊಡ್ಡವರನ್ನು ಬಿಡದಿರಬಹುದು, ನಾಲ್ಕು ವರ್ಷದ ಮಗುವಿನ ಕಥೆ ಕೂಟಕ್ಕೆ ಹತ್ತು ವರ್ಷದ ಮಗನನ್ನು ಎಳೆದುಕೊಂಡು ಹೋದರೆ ಅವನು ಮುಂದಿನ ಸಲ ಬರುವುದಿಲ್ಲ.

ಆಮೇಲೆ ರಿಜಿಸ್ಟ್ರೇಷನ್. ಉಚಿತ ಕಾರ್ಯಕ್ರಮಕ್ಕೆ ಹೆಸರು ಕೊಟ್ಟವರಲ್ಲಿ ಅರ್ಧ ಜನ ಬರುವುದಿಲ್ಲ ಅಂತ ಲೈಬ್ರರಿಯವರಿಗೆ ಗೊತ್ತು. ಅದಕ್ಕೇ ಸೀಟಿಗಿಂತ ಜಾಸ್ತಿ ಹೆಸರು ತೆಗೆದುಕೊಳ್ಳುತ್ತಾರೆ. ಶಾಂಬರ್ಗ್‌ನಲ್ಲಿ ಹೆಸರು ಕೊಟ್ಟವರಿಗೆ ಮೊದಲ ಆದ್ಯತೆ ಇರುವುದು ಶುರುವಾಗುವ 15 ರಿಂದ 30 ನಿಮಿಷ ಮುಂಚೆ ಮಾತ್ರ, ಶುರುವಾದ ಮೇಲೆ ಖಾಲಿ ಸೀಟು ಯಾರು ಬಂದರೆ ಅವರದು. ಪಕ್ಕದ ಕುರ್ಚಿ ಮೇಲೆ ಸ್ವೆಟರ್ ಹಾಕಿ ‘ನಮ್ಮವರು ಪಾರ್ಕಿಂಗ್ ಹುಡುಕ್ತಿದ್ದಾರೆ’ ಅನ್ನುವ ನಮ್ಮ ಮದುವೆ ಮನೆ ಪದ್ಧತಿ ಅಲ್ಲಿ ನಡೆಯಲ್ಲ. ಅರ್ಧ ಗಂಟೆ ಮುಂಚೆ ಹೋಗಿ. ಹೆಸರು ಕೊಡದೆ ಹೋಗುವವರೂ ನಿರಾಶರಾಗಬೇಕಿಲ್ಲ, ಪಕ್ಕದ ಸಾಲಿನಲ್ಲಿ ನಿಂತರೆ ಬಹಳ ಸಲ ಸೀಟು ಸಿಗುತ್ತದೆ.

ಕಾರ್ಡ್

ಕಾರ್ಯಕ್ರಮಕ್ಕೆ ಬೇಕಿಲ್ಲ, ಆದರೂ ಮಾಡಿಸಿ. ನ್ಯೂಯಾರ್ಕ್ ರಾಜ್ಯದಲ್ಲಿ ವಾಸ ಮಾಡುವವರು, ಕೆಲಸ ಮಾಡುವವರು, ಓದುವವರು, ಆಸ್ತಿ ತೆರಿಗೆ ಕಟ್ಟುವವರು, ಎಲ್ಲರಿಗೂ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ಕಾರ್ಡ್ ಉಚಿತ. ಅಂದರೆ ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಮನೆ, ಮ್ಯಾನ್‌ಹ್ಯಾಟನ್‌ನಲ್ಲಿ ಆಫೀಸು ಇರುವವರಿಗೂ ಸಿಗುತ್ತದೆ. 2021ರಿಂದ ಅಲ್ಲಿ ತಡವಾದರೆ ದಂಡವೂ ಇಲ್ಲ.

ಯಾವ ಕಾರ್ಯಕ್ರಮ ಆರಿಸಿಕೊಳ್ಳುವುದು

ಚಿಕ್ಕ ಮಕ್ಕಳಿದ್ದರೆ ಕಥೆ ಕೂಟ. ಹೊರಡುವಾಗ ಮಕ್ಕಳ ವಿಭಾಗದಲ್ಲಿ ಕೊರೆಟಾ ಸ್ಕಾಟ್ ಕಿಂಗ್ ಪ್ರಶಸ್ತಿಯ ದುಂಡು ಮುದ್ರೆ ಇರುವ ಒಂದೆರಡು ಪುಸ್ತಕ ತೆಗೆದುಕೊಳ್ಳಿ. ಆಫ್ರಿಕನ್ ಅಮೆರಿಕನ್ ಲೇಖಕರಿಗೆ, ಚಿತ್ರಕಾರರಿಗೆ ಕೊಡುವ ಪ್ರಶಸ್ತಿ ಅದು, 1970ರಿಂದ ಕೊಡುತ್ತಿದ್ದಾರೆ. ಹುಡುಕಾಟ ಉಳಿಯುತ್ತದೆ. ಸಿನಿಮಾ, ಸಂಗೀತ ಇದ್ದರೆ ಊರಿಂದ ಬಂದ ಹಿರಿಯರೂ ಆರಾಮಾಗಿ ಕೂರುತ್ತಾರೆ, ಭಾಷೆ ಅಷ್ಟು ಅಡ್ಡ ಬರುವುದಿಲ್ಲ. ಲೇಖಕರ ಮಾತುಕತೆಗೆ ಹೋಗುವವರು ಪುಸ್ತಕದ ಮೊದಲ ಅಧ್ಯಾಯವಾದರೂ ಓದಿ ಹೋಗಿ.

ಆದರೆ ಎಲ್ಲಕ್ಕಿಂತ ಒಳ್ಳೆಯದು, ನಮ್ಮವರು ಯಾರೂ ಹೋಗದಿರುವುದು, ವಂಶಾವಳಿ ಹುಡುಕುವ ಕಮ್ಮಟ. ‘ಅವರ ಮುತ್ತಜ್ಜ ಯಾರು ಅಂತ ತಿಳಿದು ನನಗೇನಾಗಬೇಕು’ ಅನ್ನಿಸುತ್ತದೆ, ನಿಜ. ಒಮ್ಮೆ ಕೂತು ನೋಡಿ. ಗುಲಾಮಗಿರಿ ಅಂದರೆ ಏನು ಅಂತ ಯಾವ ಭಾಷಣವೂ ಹೀಗೆ ತೋರಿಸುವುದಿಲ್ಲ.

ಕಮ್ಮಟದಲ್ಲಿ ಸಾಮಾನ್ಯವಾಗಿ 1860ರ ಗುಲಾಮರ ಜನಗಣತಿಯ ಒಂದು ಹಾಳೆಯನ್ನು ಪರದೆ ಮೇಲೆ ಹಾಕುತ್ತಾರೆ. ಎಡಗಡೆ ಯಜಮಾನನ ಹೆಸರು, ಅಂದವಾದ ಕೈಬರಹದಲ್ಲಿ. ಅದರ ಕೆಳಗೆ ಸಾಲು ಸಾಲಾಗಿ ಅಂಕಿ: 34, ಗಂಡು, ಕಪ್ಪು. 30, ಹೆಣ್ಣು, ಕಪ್ಪು. 6, ಹೆಣ್ಣು. ಹೆಸರಿನ ಜಾಗದಲ್ಲಿ ಏನೂ ಇಲ್ಲ. ಆ ಆರು ವರ್ಷದ ಹುಡುಗಿ ಆ ಮೂವತ್ತರ ಹೆಂಗಸಿನ ಮಗಳೋ ಅಲ್ಲವೋ, ಅದೂ ಗೊತ್ತಾಗುವುದಿಲ್ಲ. ಗುಲಾಮರಾಗಿದ್ದ ಲಕ್ಷಾಂತರ ಜನರ ಹೆಸರು ಮೊದಲ ಸಲ ದೇಶದ ಗಣತಿಯಲ್ಲಿ ಬಂದಿದ್ದು 1870ರಲ್ಲಿ. ಅದಕ್ಕೂ ಹಿಂದಕ್ಕೆ ಹೋಗಬೇಕಾದರೆ ತನ್ನ ಹಿರಿಯರ ಹೆಸರು ಹುಡುಕಿದರೆ ಆಗದು, ಅವರನ್ನು ಇಟ್ಟುಕೊಂಡಿದ್ದವನ ಹೆಸರು ಹುಡುಕಬೇಕು. ಅವನ ಉಯಿಲು, ಅವನು ಸತ್ತಾಗ ಮಾಡಿದ ಆಸ್ತಿ ಪಟ್ಟಿ, ಮಾರಾಟದ ರಸೀದಿ. ಆಸ್ತಿ ಪಟ್ಟಿಯಲ್ಲಿ ಕುದುರೆ, ನೇಗಿಲು, ಹಾಸಿಗೆಯ ಜೊತೆಗೆ ಒಂದು ಹೆಸರು, ಪಕ್ಕದಲ್ಲಿ ಬೆಲೆ. ಅಜ್ಜಿಯ ಅಜ್ಜಿ ಅಲ್ಲಿ ಸಿಗುತ್ತಾಳೆ.

ನಮ್ಮ ಕಡೆ ಹೆಳವರು ಮನೆ ಬಾಗಿಲಿಗೆ ಬಂದು, ಹೊತ್ತಿಗೆ ಬಿಚ್ಚಿ, ಹತ್ತು ತಲೆಮಾರು ಓದಿ ಹೇಳಿ ಕಾಳು ಕಡಿ ತೆಗೆದುಕೊಂಡು ಹೋಗುತ್ತಿದ್ದರಲ್ಲ, ಆ ಹೊತ್ತಿಗೆಯನ್ನೇ ಯಾರೋ ಸುಟ್ಟು ಹಾಕಿದ ಮೇಲೆ ಬೂದಿಯಿಂದ ಹೆಸರು ಹೆಕ್ಕುವ ಕೆಲಸ ಇದು.

ಈ ಕಮ್ಮಟದ ನಂತರ ಅಲ್ಲಿಯೇ ಕಂಪ್ಯೂಟರಿನಲ್ಲಿ ಸ್ವಲ್ಪ ಹೊತ್ತು ಕೂರಿ. ಹಣ ಕೊಟ್ಟು ನೋಡಬೇಕಾದ ವಂಶಾವಳಿ ಡೇಟಾಬೇಸುಗಳು ಎಷ್ಟೋ ಲೈಬ್ರರಿಗಳೊಳಗೆ ಉಚಿತ. ಗುಲಾಮಗಿರಿಯಿಂದ ಬಿಡುಗಡೆಯಾದವರಿಗಾಗಿ 1865ರಿಂದ 1872ರವರೆಗೆ ನಡೆದ ಸರ್ಕಾರಿ ಇಲಾಖೆ ಫ್ರೀಡ್‌ಮೆನ್ಸ್ ಬ್ಯೂರೋ, ಅದರ ದಾಖಲೆಗಳನ್ನು ತೋರಿಸಿ ಅಂತ ಲೈಬ್ರೇರಿಯನ್ನರನ್ನು ಕೇಳಿ, ಬಿಡುಗಡೆಯಾದವರ ಕೂಲಿ ಕರಾರುಗಳು, ಮದುವೆ ನೋಂದಣಿಗಳು ಸಿಗುತ್ತವೆ.

ಹೋಗುವ ಮೊದಲು, ಮನೆಯಲ್ಲಿ ಒಂದು ಸಂಜೆ

ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಡಿಜಿಟಲ್ ಕಲೆಕ್ಷನ್ಸ್ ತೆರೆದು ಗ್ರೀನ್ ಬುಕ್ ಅಂತ ಹುಡುಕಿ. ಹಾರ್ಲೆಮ್‌ನಲ್ಲಿ ಮನೆ ಮಾಡಿಕೊಂಡು, ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಟಪಾಲು ಹಂಚುತ್ತಿದ್ದ ವಿಕ್ಟರ್ ಹ್ಯೂಗೋ ಗ್ರೀನ್ ಅನ್ನುವವರು 1936ರಲ್ಲಿ ಶುರು ಮಾಡಿದ ಪ್ರಯಾಣದ ಕೈಪಿಡಿ. ಕಪ್ಪು ಜನ ಕಾರಿನಲ್ಲಿ ಹೊರಟರೆ ಯಾವ ಊರಲ್ಲಿ ರಾತ್ರಿ ಮಲಗಬಹುದು, ಎಲ್ಲಿ ಊಟ ಕೊಡುತ್ತಾರೆ, ಯಾವ ಅಂಗಡಿಯಲ್ಲಿ ಕ್ಷೌರ ಮಾಡುತ್ತಾರೆ ಅಂತ ವಿಳಾಸ ಸಮೇತ ಪಟ್ಟಿ. ಬಹಳ ಊರುಗಳಲ್ಲಿ ಹೋಟೆಲೇ ಇಲ್ಲ, ‘ಟೂರಿಸ್ಟ್ ಹೋಮ್’ ಅಂತ ಇರುತ್ತದೆ. ಅಂದರೆ ಯಾರದೋ ಮನೆ, ಒಬ್ಬ ಶ್ರೀಮತಿಯವರ ಹೆಸರು, ಬೀದಿ, ಮನೆ ನಂಬರು. 1937ರಿಂದ 1966ರವರೆಗಿನ ಸಂಚಿಕೆಗಳು ಶಾಂಬರ್ಗ್‌ನಲ್ಲಿವೆ, ಪುಟ ಪುಟವೂ ಮನೆಯಲ್ಲೇ ಕೂತು ನೋಡಬಹುದು.

ಒಂದು ಕೆಲಸ ಮಾಡಿ. 1950ರ ದಶಕದ ಒಂದು ಸಂಚಿಕೆ ತೆರೆದು ನೀವಿರುವ ರಾಜ್ಯ ಹುಡುಕಿ, ಆಮೇಲೆ ನಿಮ್ಮ ಊರು. ಇರಬಹುದು, ಇಲ್ಲದೆಯೂ ಇರಬಹುದು. ಇಲ್ಲದಿದ್ದರೆ ನಿಮ್ಮ ಮನೆಯಿಂದ ಹತ್ತಿರದ ವಿಳಾಸ ಎಷ್ಟು ಮೈಲಿ ಅಂತ ಮಕ್ಕಳ ಕೈಲಿ ಅಳೆಸಿ. ಆ ವಿಳಾಸವನ್ನು ಮ್ಯಾಪಿನಲ್ಲಿ ಹಾಕಿದರೆ ಈಗ ಅಲ್ಲಿ ಏನಿದೆ ಅಂತಲೂ ಗೊತ್ತಾಗುತ್ತದೆ. ಎಷ್ಟೋ ಕಡೆ ಹೆದ್ದಾರಿ, ಇಲ್ಲವೇ ಪಾರ್ಕಿಂಗ್ ಲಾಟ್. ಇಷ್ಟು ಮಾಡಿ ಹೋದ ಮಕ್ಕಳು ಕಾರ್ಯಕ್ರಮದಲ್ಲಿ ನಿದ್ದೆ ಮಾಡುವುದಿಲ್ಲ.

ಇನ್ನೊಂದು ಓದಬೇಕಾದ ವಿಷಯ ಲೈಬ್ರರಿಗಳದ್ದೇ. ಈ ಬಾಗಿಲುಗಳು ಎಲ್ಲರಿಗೂ ತೆರೆದಿರಲಿಲ್ಲ. 1939ರ ಆಗಸ್ಟ್ 21ರಂದು ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಐದು ಕಪ್ಪು ಯುವಕರು ಒಬ್ಬೊಬ್ಬರಾಗಿ ಲೈಬ್ರರಿಗೆ ಹೋಗಿ ಕಾರ್ಡ್ ಕೇಳಿದರು. ಇಲ್ಲ ಅಂದಾಗ ಕಪಾಟಿನಿಂದ ಪುಸ್ತಕ ತೆಗೆದುಕೊಂಡು ಸುಮ್ನೆ ಓದುತ್ತಾ ಕೂತರು. ಪೊಲೀಸರು ಬಂದು ಹಿಡಿದುಕೊಂಡು ಹೋದರು. ಯೋಜನೆ ಸ್ಯಾಮ್ಯುಯೆಲ್ ಟಕರ್ ಅನ್ನುವ ಯುವ ವಕೀಲರದ್ದು. ಊರಿನವರು ಬಾಗಿಲು ತೆರೆಯುವ ಬದಲು ಮರುವರ್ಷ ಕಪ್ಪು ಜನರಿಗೆ ಬೇರೆಯೇ ಸಣ್ಣ ಲೈಬ್ರರಿ ಕಟ್ಟಿಸಿಕೊಟ್ಟರು. ಆ ಕಟ್ಟಡವೇ ಈಗ ಅಲೆಕ್ಸಾಂಡ್ರಿಯಾದ ಬ್ಲ್ಯಾಕ್ ಹಿಸ್ಟರಿ ಮ್ಯೂಸಿಯಂ, ವಾಷಿಂಗ್ಟನ್ ಕಡೆಯವರು ನೋಡಿ ಬರಬಹುದು. 1961ರ ಮಾರ್ಚ್ 27ರಂದು ಮಿಸಿಸಿಪ್ಪಿಯ ಜಾಕ್ಸನ್‌ನಲ್ಲೂ ಟೂಗಲೂ ಕಾಲೇಜಿನ ಒಂಬತ್ತು ವಿದ್ಯಾರ್ಥಿಗಳು ಹೀಗೇ ಬಿಳಿಯರ ಲೈಬ್ರರಿಯಲ್ಲಿ ಓದುತ್ತಾ ಕೂತು ಜೈಲಿಗೆ ಹೋದರು. ಕೆರೆ ನೀರು ಮುಟ್ಟಿದ್ದಕ್ಕೆ ದಲಿತರು ಏಟು ತಿಂದ ಮಹಾಡ್ ಸತ್ಯಾಗ್ರಹ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾರ್ಲೆಮ್‌ಗೆ ಹೋಗುವ ದಿನ

ನ್ಯೂಜೆರ್ಸಿಯಿಂದ ಬರುವವರು ಪೆನ್ ಸ್ಟೇಷನ್‌ನಲ್ಲಿ ಇಳಿದು 2 ಅಥವಾ 3 ನಂಬರಿನ ರೈಲು ಹಿಡಿಯಿರಿ, ಉತ್ತರಕ್ಕೆ ಹೋಗುವುದು. 135ನೇ ಬೀದಿಯಲ್ಲಿ ಇಳಿದರೆ ಲೈಬ್ರರಿ ಮುಂದೆಯೇ. ಬಿ ಮತ್ತು ಸಿ ರೈಲುಗಳಿಗೂ 135ನೇ ಬೀದಿ ಅನ್ನುವ ನಿಲ್ದಾಣ ಇದೆ, ಅದು ಬೇರೆ, ಅಲ್ಲಿಳಿದರೆ ಜಾಸ್ತಿ ನಡೆಯಬೇಕು. ಭಾನುವಾರ ಹೋಗಬೇಡಿ, ಬಾಗಿಲು ಹಾಕಿರುತ್ತದೆ. ಕಾರು ಬೇಡವೇ ಬೇಡ.

ಒಳಗೆ ಹೋದ ತಕ್ಷಣ ಸಭಾಂಗಣಕ್ಕೆ ಓಡಬೇಡಿ. ಲಾಬಿಯಲ್ಲಿ ನೆಲ ನೋಡಿ. ದೊಡ್ಡ ವೃತ್ತದ ವಿನ್ಯಾಸ, ಅದರೊಳಗೆ ನದಿಗಳಂತೆ ಹರಿಯುವ ಗೆರೆಗಳು, ಅಕ್ಷರಗಳು. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಹರೆಯದಲ್ಲಿ ನದಿಗಳ ಮೇಲೆ ಬರೆದ ಪ್ರಸಿದ್ಧ ಪದ್ಯದ ಸಾಲುಗಳು ಅಲ್ಲಿವೆ. ಅವರ ಚಿತಾಭಸ್ಮವನ್ನು 1991ರಲ್ಲಿ ಆ ನೆಲದ ಕೆಳಗೇ ಇಟ್ಟಿದ್ದಾರೆ. ನಮ್ಮವರು ಚಪ್ಪಲಿ ಕಾಲಲ್ಲಿ ತುಳಿಯಬಾರದು ಅಂತ ಸುತ್ತು ಹಾಕಿ ಹೋಗುತ್ತಾರೆ, ಅಲ್ವಾ? ಆದರೆ ಅದನ್ನು ತೆರೆದ ದಿನ ಮಾಯಾ ಏಂಜೆಲೋ ಮತ್ತು ಅಮಿರಿ ಬರಾಕಾ, ಇಬ್ಬರೂ ದೊಡ್ಡ ಲೇಖಕರು, ಅದರ ಮೇಲೆಯೇ ಕುಣಿದರು. ಆ ಫೋಟೋ ಬಹಳ ಪ್ರಸಿದ್ಧ. ನೀವು ಹೇಗೆ ದಾಟುತ್ತೀರೋ ನಿಮಗೆ ಬಿಟ್ಟಿದ್ದು.

ಆಮೇಲೆ ಪ್ರದರ್ಶನದ ಕೋಣೆ, ಅದಾದ ಮೇಲೆ ಸಭಾಂಗಣ. ಅದಕ್ಕೂ ಹ್ಯೂಸ್ ಅವರದೇ ಹೆಸರು. ಆರನ್ ಡಗ್ಲಸ್ 1934ರಲ್ಲಿ ಈ ಶಾಖೆಗಾಗಿಯೇ ಬಿಡಿಸಿದ ನಾಲ್ಕು ದೊಡ್ಡ ಚಿತ್ರಗಳು ಪ್ರದರ್ಶನಕ್ಕಿವೆಯೇ ಅಂತ ಕೌಂಟರಿನಲ್ಲಿ ಕೇಳಿ. ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ 1940ರಲ್ಲಿ ಅಮೆರಿಕನ್ ನೀಗ್ರೋ ಥಿಯೇಟರ್ ಅನ್ನುವ ನಾಟಕ ಕಂಪನಿ ಶುರುವಾಯಿತು, ಸಿಡ್ನಿ ಪಾಟಿಯೇ ಮತ್ತು ಹ್ಯಾರಿ ಬೆಲಫಾಂಟೆ ಆ ಕಂಪನಿಯಲ್ಲಿ ಪಳಗಿದವರು. ನಾಟಕದ ಹುಚ್ಚಿರುವ ನಮ್ಮ ಹವ್ಯಾಸಿಗಳು ಆ ಜಾಗಕ್ಕೆ ಒಂದು ನಮಸ್ಕಾರ ಹಾಕಿ ಬರಬಹುದು.

ಪ್ರಶ್ನೆ ಕೇಳುವ ಹೊತ್ತಿಗೆ

ಇಲ್ಲಿ ಸ್ವಲ್ಪ ನಿಷ್ಠುರವಾಗಿ ಹೇಳುತ್ತೇನೆ. ಮೈಕ್ ಕೈಗೆ ಬಂದ ಕೂಡಲೇ ‘ನಮ್ಮ ದೇಶದಲ್ಲೂ’ ಅಂತ ಶುರು ಮಾಡಿ ಐದು ನಿಮಿಷ ಗಾಂಧೀಜಿಯ ಬಗ್ಗೆ ಮಾತಾಡಬೇಡಿ. ಅಲ್ಲಿರುವವರಿಗೆ ಗಾಂಧಿ ಗೊತ್ತು. ‘ಈಗ ಎಲ್ಲ ಸರಿ ಹೋಗಿದೆ ಅಲ್ವಾ’ ಅಂತಲೂ ಕೇಳಬೇಡಿ. ಪಕ್ಕದಲ್ಲಿ ಕೂತ ಕಪ್ಪು ಹಿರಿಯರನ್ನು ಅವರ ಮನೆಯ ಕಷ್ಟ ಹೇಳಿ ಅಂತ ಕೆದಕುವುದು ಬೇಡ, ಅವರೂ ನಿಮ್ಮ ಹಾಗೆ ಕೇಳಲು ಬಂದವರು.

ಚಿಕ್ಕ ಪ್ರಶ್ನೆ ಕೇಳಿ. ‘ಈ ಪತ್ರ ನಿಮಗೆ ಎಲ್ಲಿ ಸಿಕ್ಕಿತು?’ ‘ಇದನ್ನು ನಾನು ನೋಡಬೇಕಾದರೆ ಯಾವ ಸಂಗ್ರಹ ಕೇಳಬೇಕು?’ ಹೀಗೆ ಕೇಳಿದರೆ ಭಾಷಣಕಾರರ ಮುಖ ಅರಳುತ್ತದೆ, ನಿಮಗೂ ಮುಂದಿನ ದಾರಿ ಸಿಗುತ್ತದೆ. ಕನ್ನಡಿಗರ ಕೈಲಿ ಕೇಳಲು ಲಾಯಕ್ಕಾದ ಒಂದು ವಿಷಯ ಖಂಡಿತ ಇದೆ. 1946ರಲ್ಲಿ ಡಾ. ಅಂಬೇಡ್ಕರ್ ಅವರು ಕಪ್ಪು ಜನರ ದೊಡ್ಡ ವಿದ್ವಾಂಸ, ನಾಯಕ ಡಬ್ಲ್ಯೂ. ಇ. ಬಿ. ಡು ಬಾಯ್ಸ್ ಅವರಿಗೆ ಕಾಗದ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದ್ದರು, ಅಸ್ಪೃಶ್ಯರ ಪರವಾಗಿ ಅಂಥದ್ದೇ ಹೆಜ್ಜೆ ಇಡುವ ಯೋಚನೆಯಿಂದ. ಡು ಬಾಯ್ಸ್ ಉತ್ತರ ಬರೆದರು. ಎರಡೂ ಕಾಗದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ, ಆನ್‌ಲೈನಿನಲ್ಲಿ ಓದಬಹುದು. ಓದಿಕೊಂಡು ಹೋಗಿ ಕೇಳಿ.

ಓದುವ ಕೋಣೆ

ಇದಕ್ಕೆ ಬೇರೆ ದಿನವೇ ಇಟ್ಟುಕೊಳ್ಳಿ. ನಿಮಗೆ ಪಿಎಚ್‌ಡಿ ಬೇಕಿಲ್ಲ, ಶಿಫಾರಸು ಪತ್ರ ಬೇಕಿಲ್ಲ. ಪುಸ್ತಕ, ಪತ್ರಿಕೆ ಆದರೆ ಅಲ್ಲೇ ಕೂತು ಓದಬೇಕು, ಮನೆಗೆ ಕೊಡುವುದಿಲ್ಲ. ಹಸ್ತಪ್ರತಿ, ಫೋಟೋ, ಧ್ವನಿಮುದ್ರಣ ಬೇಕಾದರೆ ಮೊದಲೇ ಈಮೇಲ್ ಮಾಡಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಕು. ಯಾವ ಸಂಗ್ರಹ, ಎಷ್ಟನೇ ಪೆಟ್ಟಿಗೆ ಅಂತ ಕ್ಯಾಟಲಾಗಿನಲ್ಲಿ ನೋಡಿ ಬರೆದರೆ ಬೇಗ ಕೆಲಸ ಆಗುತ್ತದೆ. ಚೀಲ ಹೊರಗೆ, ಪೆನ್ನು ಬೇಡ, ಪೆನ್ಸಿಲ್ ಮಾತ್ರ. ಒಂದು ಸಲಕ್ಕೆ ಒಂದೇ ಫೋಲ್ಡರ್ ತೆರೆಯಬೇಕು, ಹಾಳೆಗಳ ಕ್ರಮ ಕೆಡಿಸಬಾರದು. ಮೊಬೈಲಿನಲ್ಲಿ ಫೋಟೋ ತೆಗೆಯಬಹುದೇ ಅಂತ ಮೊದಲು ಕೇಳಿ, ಬಿಡುವುದಾದರೂ ಫ್ಲ್ಯಾಶ್ ಇಲ್ಲದೆ.

ಏನು ಕೇಳುವುದು ಅಂತ ತೋಚದಿದ್ದರೆ ಲೈಬ್ರೇರಿಯನ್ನರಿಗೆ ಹಾಗೇ ಹೇಳಿ, ‘ಇಂಥ ಕಾರ್ಯಕ್ರಮ ಕೇಳಿದೆ, ಅದರ ಮೂಲ ನೋಡಬೇಕು’ ಅಂತ. ಅವರ ಕೆಲಸವೇ ಅದು. ಮಾಯಾ ಏಂಜೆಲೋ, ಲೇಖಕ ಜೇಮ್ಸ್ ಬಾಲ್ಡ್‌ವಿನ್ ಅವರ ಕಾಗದ ಪತ್ರಗಳು ಇಲ್ಲೇ ಇವೆ. ಬಾಲ್ಡ್‌ವಿನ್ ಹುಡುಗನಾಗಿದ್ದಾಗ ಇದೇ 135ನೇ ಬೀದಿಯ ಲೈಬ್ರರಿಗೆ ಬಂದು ಓದುತ್ತಿದ್ದವರು.

ಕರ್ನಾಟಕದಲ್ಲೇ ಇರುವವರಿಗೆ

ಹಾರ್ಲೆಮ್‌ಗೂ ನಮಗೂ ಏನು ಅನ್ನಬೇಡಿ. 2011ರಲ್ಲಿ ಇದೇ ಶಾಂಬರ್ಗ್‌ನಲ್ಲಿ ಉತ್ತರ ಕನ್ನಡದ, ಆಫ್ರಿಕನ್ ಮೂಲದ ಸಿದ್ದಿ ಹೆಂಗಸರು ಹೊಲಿದ ಕೌದಿಗಳ ಪ್ರದರ್ಶನ ನಡೆದಿತ್ತು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಮನೆಗಳಲ್ಲಿ ಹಳೆ ಸೀರೆ, ಹಳೆ ಅಂಗಿಯ ತುಂಡು ಸೇರಿಸಿ, ಅಂಚಿನಿಂದ ಶುರು ಮಾಡಿ ಸುತ್ತ ಸುತ್ತ ನಡುವಿಗೆ ಬರುವಂತೆ ಹೊಲಿಯುವ ಕೌದಿ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಹೂವು ಹಚ್ಚದಿದ್ದರೆ ಅದು ಮುಗಿದ ಹಾಗಲ್ಲ. 2013ರಲ್ಲಿ ಭಾರತದ ಆಫ್ರಿಕನ್ನರ ಬಗ್ಗೆಯೇ ಇನ್ನೊಂದು ಪ್ರದರ್ಶನ ಮಾಡಿದರು. ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಬಂದು ಅಹಮದ್‌ನಗರವನ್ನು ಆಳಿದ ಮಲಿಕ್ ಅಂಬರ್ ಅಂಥವರ ಕಥೆ ಅದು. ನಮ್ಮ ಬಿಜಾಪುರದಲ್ಲೂ ಮಹಮ್ಮದ್ ಆದಿಲ್ ಶಾನ ಕಾಲದಲ್ಲಿ ಆಡಳಿತ ನಡೆಸಿದವನು ಹಬ್ಶಿ, ಅಂದರೆ ಆಫ್ರಿಕನ್ ಮೂಲದ ಇಖ್ಲಾಸ್ ಖಾನ್. ಗೋಲಗುಮ್ಮಟದ ಮುಂದೆ ಫೋಟೋ ತೆಗೆಸಿಕೊಳ್ಳುವ ನಮಗೆ ಅವನ ಹೆಸರು ಯಾರು ಹೇಳಿದರು?

ಹಿಂದೂ ಮಹಾಸಾಗರದ ಆಫ್ರಿಕನ್ನರ ಬಗ್ಗೆ ಶಾಂಬರ್ಗ್ ಮಾಡಿದ ಆನ್‌ಲೈನ್ ಪ್ರದರ್ಶನ ಇದೆ, ಅಲ್ಲಿಂದ ಶುರು ಮಾಡಿ. ಅವರ ಅನೇಕ ಮಾತುಕತೆಗಳು ನೇರ ಪ್ರಸಾರವಾಗುತ್ತವೆ, ರೆಕಾರ್ಡಿಂಗೂ ಸಿಗುತ್ತದೆ. ಶಾಲೆಯ ಮೇಷ್ಟ್ರು, ಮೇಡಂಗಳು ಡಿಜಿಟಲ್ ಕಲೆಕ್ಷನ್ಸ್‌ನಲ್ಲಿ ಹಕ್ಕುಸ್ವಾಮ್ಯ ಇಲ್ಲದ ಚಿತ್ರಗಳನ್ನು ಬೇರ್ಪಡಿಸಿ ಪೂರ್ತಿ ಗಾತ್ರದಲ್ಲಿ ಇಳಿಸಿಕೊಳ್ಳಬಹುದು, ಯಾರ ಅನುಮತಿಯೂ ಬೇಡ.

ನೀವೇ ಒಂದು ಕಾರ್ಯಕ್ರಮ ಮಾಡಿಸಬೇಕು ಅಂದರೆ

ಕನ್ನಡ ಸಂಘದವರು ಲೈಬ್ರರಿಯ ಹಾಲ್ ಕೇಳುವುದು ರಾಜ್ಯೋತ್ಸವಕ್ಕೆ, ಮಕ್ಕಳ ನೃತ್ಯಕ್ಕೆ. ಸಿದ್ದಿಗಳ ಬಗ್ಗೆ ಒಂದು ಕಾರ್ಯಕ್ರಮ ಮಾಡಿಸಿ ನೋಡಿ, ಅದು ನಮ್ಮದೂ ಹೌದು ಅವರದೂ ಹೌದು. ಫೆಬ್ರವರಿ ಕೇಳಬೇಡಿ, ಆ ತಿಂಗಳು ಲೈಬ್ರರಿಯವರ ತಲೆ ಮೇಲೆ ಕೆಲಸ ಇರುತ್ತದೆ. ಏಪ್ರಿಲ್ ಅಥವಾ ಸೆಪ್ಟೆಂಬರ್ ಅಂದರೆ ಖುಷಿಯಿಂದ ಒಪ್ಪುತ್ತಾರೆ. ನಾಲ್ಕಾರು ತಿಂಗಳು ಮುಂಚೆ ಕೇಳಬೇಕು.

ಎರಡು ದಾರಿ ಇದೆ. ಹಾಲ್ ಬುಕ್ ಮಾಡಿ ನೀವೇ ನಡೆಸುವುದು ಒಂದು. ಅದರಲ್ಲಿ ಟಿಕೆಟ್ ಇಡುವ ಹಾಗಿಲ್ಲ, ಪ್ರಚಾರ ಪೂರ್ತಿ ನಿಮ್ಮದೇ. ಇನ್ನೊಂದು, ಲೈಬ್ರರಿಯ ಸ್ವಂತ ಕಾರ್ಯಕ್ರಮವಾಗಿಯೇ ಮಾಡಿ ಅಂತ ಕೇಳುವುದು. ಕಷ್ಟ, ಆದರೆ ಅದೇ ಸರಿ, ಯಾಕೆಂದರೆ ಆಗ ಅವರ ಕ್ಯಾಲೆಂಡರಿನಲ್ಲಿ ಬರುತ್ತದೆ, ನಮ್ಮವರಷ್ಟೇ ಕೂತು ನಮ್ಮವರಿಗೇ ಹೇಳಿಕೊಳ್ಳುವ ಹಾಗಾಗುವುದಿಲ್ಲ. ಊರಿನ ಕಪ್ಪು ಸಮುದಾಯದ ಒಂದು ಸಂಘ, ಚರ್ಚು ಅಥವಾ ಇತಿಹಾಸ ಬಳಗವನ್ನು ಜೊತೆಗೆ ಸೇರಿಸಿಕೊಳ್ಳಿ. ಮೊದಲು ಅವರ ಕಾರ್ಯಕ್ರಮಕ್ಕೆ ಒಂದೆರಡು ಸಲ ಹೋಗಿ ಬಂದು, ಆಮೇಲೆ ಕರೆಯಿರಿ.

ಸಿದ್ದಿಗಳ ಬಗ್ಗೆ ನೀವು ಮಾತಾಡುವ ಬದಲು ಅವರೇ ಮಾತಾಡಲಿ. ಊರಿಂದ ಕರೆಸಲು ಆಗದಿದ್ದರೆ ವಿಡಿಯೋ ಕರೆ ಸಾಕು. ನ್ಯೂಯಾರ್ಕಿನಲ್ಲಿ ಶನಿವಾರ ಬೆಳಗ್ಗೆ 10 ಗಂಟೆ ಅಂದರೆ ಸೆಪ್ಟೆಂಬರಿನಲ್ಲಿ ಯಲ್ಲಾಪುರದಲ್ಲಿ ಸಂಜೆ 7.30, ಇಬ್ಬರಿಗೂ ಅನುಕೂಲ. ನೆಟ್‌ವರ್ಕ್ ಕೈಕೊಟ್ಟರೆ ಅಂತ ಮೊದಲೇ ಹತ್ತು ನಿಮಿಷದ ರೆಕಾರ್ಡಿಂಗ್ ತರಿಸಿ ಇಟ್ಟುಕೊಳ್ಳಿ. ಮಾತಾಡುವವರಿಗೆ ಗೌರವಧನ ಕೊಡಿ. ಲೈಬ್ರರಿಯ ಬಜೆಟ್ಟಿನಲ್ಲಿ ಇಲ್ಲದಿದ್ದರೆ ‘ಫ್ರೆಂಡ್ಸ್ ಆಫ್ ದಿ ಲೈಬ್ರರಿ’ ಅಂತ ಊರಿನವರ ಬಳಗ ಇರುತ್ತದೆ, ಹಳೆ ಪುಸ್ತಕ ಮಾರಿ ಬಂದ ದುಡ್ಡನ್ನು ಇಂಥದ್ದಕ್ಕೇ ಕೊಡುತ್ತಾರೆ, ಅವರನ್ನು ಕೇಳಿ.

ಈಮೇಲ್ ಚಿಕ್ಕದಾಗಿರಲಿ. ಕಾರ್ಯಕ್ರಮದ ಹೆಸರು, ನೂರು ಪದದ ವಿವರ, ಯಾವ ವಯಸ್ಸಿನವರಿಗೆ, ಎಷ್ಟು ಹೊತ್ತು, ಪರದೆ ಮೈಕ್ ಏನೇನು ಬೇಕು, ಜೊತೆಗಿರುವ ಸಂಘ ಯಾವುದು, ಎರಡು ಮೂರು ದಿನಾಂಕ. ಮೇಲಿನ ಅಧಿಕಾರಿಗೆ ಕಳಿಸಬೇಡಿ, ವಯಸ್ಕರ ಕಾರ್ಯಕ್ರಮ ನೋಡಿಕೊಳ್ಳುವ ಲೈಬ್ರೇರಿಯನ್ ಯಾರು ಅಂತ ಕೌಂಟರಿನಲ್ಲಿ ಕೇಳಿ ಅವರಿಗೇ ಕಳಿಸಿ. ಎರಡು ವಾರ ಉತ್ತರ ಬರದಿದ್ದರೆ ಮತ್ತೊಂದು ಈಮೇಲ್ ಬೇಡ, ಅವರು ಡ್ಯೂಟಿಯಲ್ಲಿರುವ ದಿನ ನೋಡಿಕೊಂಡು ಖುದ್ದಾಗಿ ಹೋಗಿ ಮಾತಾಡಿ. ಕೈಯಲ್ಲಿ ಒಂದು ಕೌದಿ ಇದ್ದರೆ ತೆಗೆದುಕೊಂಡು ಹೋಗಿ, ಟೇಬಲ್ ಮೇಲೆ ಹಾಸಿ ತೋರಿಸಿದರೆ ನೂರು ಪದದ ವಿವರಕ್ಕಿಂತ ಬೇಗ ಕೆಲಸ ಆಗುತ್ತದೆ.